ಬೀಳುವ ಹಲ್ಲು

ಬೀಳುವ ಹಲ್ಲಿಗೆ ಎಂತ ಆರೈಕೆ, ಅಂದವ ನಾನೇ.
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಎರಡನೇ ಪಾಳಿ ಮುಗಿಸಿ
ಹತ್ತೂವರೆಗೆ ಮನೆ ಸೇರುವಾಗ
ಪ್ರಾಪ್ತಿ ನಿದ್ದೆಗಣ್ಣಲ್ಲೇ ಕೈ ಚಾಚುತ್ತಿದ್ದಳು.
ಕಿಸೆಯಿಂದ ಒಂದು ಕಿತ್ತಳೆ ಮಿಠಾಯಿ.
ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದಳು.
ತಡವಾಗಿ ಬಂದದ್ದಕ್ಕೆ ನಾನು ಕಟ್ಟುತ್ತಿದ್ದ ದಂಡ,
ತೆತ್ತದ್ದು ಅವಳ ಹಲ್ಲು.

ಶಾಲೆಗೆ ಹಲ್ಲಿನ ಬಸ್ಸು ಬಂದ ದಿನ
ಚೀಲದಲ್ಲಿ ಗುಲಾಬಿ ಚೀಟಿ:
ಎರಡು ಹುಳುಕು, ಒಂದು ಅಲುಗುತ್ತಿದೆ.
ಮಣಿಪಾಲಕ್ಕೆ ಹೋದೆವು. ಡಾಕ್ಟರ್ ಹುಡುಗಿ
ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.
ಹಾಲುಹಲ್ಲಿನ ಬುಡದಲ್ಲಿ, ಎಲುಬಿನೊಳಗೆ,
ಹೊರಗೆ ಬಾರದ ಇನ್ನೊಂದು,
ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುವ ಮಗುವಿನ ಹಾಗೆ.

ನಾನು ಮಂಜುಗಡ್ಡೆ ಕಟ್ಟಿಸುವವ.
ಡಬ್ಬದ ನೀರು ಹೊರಗಿನಿಂದ ಒಳಕ್ಕೆ ಕಟ್ಟುತ್ತದೆ,
ನಡುವಿನ ಬಿಳಿ ಕೊನೆಗೆ.
ಇದು ಹೇಗೆ, ಎಂದು ಕೇಳಿದೆ.
ತಲೆಯಿಂದ ಬೇರಿನ ಕಡೆಗೆ, ವರ್ಷಗಟ್ಟಲೆ, ಅಂದಳು.
ನಮ್ಮದು ಎರಡು ದಿನ ಸಾಕು.
ಕರಗಲಿಕ್ಕೆ ಅಷ್ಟೂ ಬೇಡ.

ಆಮೇಲೆ ಕಿಸೆ ಖಾಲಿ.
ಮೊದಲ ವಾರ ಅದನ್ನು ಹೊರಕ್ಕೆ ಮಗುಚಿ ನೋಡಿ
ಗೋಡೆಗೆ ಮುಖ ಮಾಡಿ ಮಲಗಿದಳು.
ಕುಸುಮ ಸಣ್ಣ ಬೂತಾಯಿಯನ್ನು ಹುಣಸೆಯ ಪುಳಿಯಲ್ಲಿ
ಮುಳ್ಳು ಮೆತ್ತಗಾಗುವ ತನಕ ಬೇಯಿಸುತ್ತಾಳೆ:
ಉಗುಳಬೇಡ, ಅದರಲ್ಲೇ ಉಂಟು.
ರಾಗಿ ಮಣ್ಣಿಗೆ ಬೆಲ್ಲ ಅರ್ಧ.
ಅತ್ತೆಗೆ ನಂಬಿಕೆಯಿಲ್ಲ.
ನಾವೆಲ್ಲ ಬೆಲ್ಲ ತಿಂದೇ ಬೆಳೆದವರು, ಎನ್ನುತ್ತಾರೆ
ಬೊಚ್ಚುಬಾಯಿ ತುಂಬ ನಕ್ಕು.

ಮೊನ್ನೆ ಆದಿತ್ಯವಾರ ಹಲ್ಲು ಗಂಜಿಯೊಳಗೆ ಬಿತ್ತು.
ಒಂದು ಬಟ್ಟಲಿನ ಮೇಲೆ ನಾಲ್ಕು ತಲೆ.
ಬೆಂದು ಉಬ್ಬಿದ ಕುಚ್ಚಲಕ್ಕಿಯಲ್ಲಿ
ಪ್ರತಿ ಅಗುಳೂ ಹಲ್ಲೇ.
ಹಿಸುಕಿ ಹಿಸುಕಿ ನೋಡಿ,
ಹಿಸುಕಿದರೂ ಬಗ್ಗದ ಒಂದು ಸಿಕ್ಕಿತು ನನ್ನ ಬೆರಳಿಗೆ.
ತೊಳೆದೆ. ಎಷ್ಟು ಸಣ್ಣದು.
ಒಂದು ಬದಿಗೆ ಕಂದು ತೂತು,
ಅದು ನನ್ನ ರುಜು.

ಅವಳಿಗೆ ಅದರ ಹಂಗಿಲ್ಲ.
ನಾಲಿಗೆಯನ್ನು ಖಾಲಿ ಜಾಗಕ್ಕೆ ಒತ್ತಿ ಹಿಡಿದು
ಅಪ್ಪಾ, ಇಲ್ಲಿ ಎಂತದೋ ಗರಗಸದ ಹಾಗೆ ಉಂಟು, ಅಂದಳು.
ನೋಡಬೇಕೆಂದು ಬಗ್ಗಿದೆ.
ಬಾಯಿ ಮುಚ್ಚಿಕೊಂಡಳು.
ಗಂಜಿ ಆರುತ್ತದೆ, ಅಂದಳು ಕುಸುಮ.