ಎಡಮಗ್ಗುಲು

ತ್ಯಾಲಿಂಗ್, ಗುರುವಾರ ನಿನ್ನ ಸರದಿಯಲ್ಲವೆ,
ಕೇಳಿಸಿಕೊ. ಸೂಜಿ ಇಲ್ಲ. ಕೊಯ್ಯುವುದಿಲ್ಲ.
ಉಪವಾಸ ಹೋಗಬೇಕಿಲ್ಲ,
ನಾನು ಬ್ರೆಡ್ಡು ಚೀಸು ತಿಂದೇ ಹೋಗಿದ್ದೆ.

ಸ್ನೇಕ್ ಊರಿನ ಆಸ್ಪತ್ರೆ, ಪರದೆ ಎಳೆದ ಕೋಣೆ.
ಯೋಲಾ ಎಂಬಾಕೆ ಅಂಗಿ ಕಳಚಲು ಹೇಳುತ್ತಾಳೆ.
ನಾಚಬೇಡ, ಬಿಳಿಗೂದಲ ಎದೆ ಎಷ್ಟು ಕಂಡಿದ್ದಾಳೋ.
ಮೂರು ಅಂಟುಬಿಲ್ಲೆ, ಮೂರು ತಂತಿ.
ಎಡಮಗ್ಗುಲಿಗೆ ಹೊರಳು, ಎಡಗೈ ತಲೆಯಡಿಗೆ,
ಅಟ್ಟದಲ್ಲಿ ಒಂದೇ ಕಂಬಳಿಯೊಳಗೆ
ನಾವಿಬ್ಬರೂ ಮಲಗುತ್ತಿದ್ದ ಹಾಗೆ.

ಲೋಳೆ ಹಚ್ಚುತ್ತಾಳೆ. ಫೆಬ್ರವರಿಯ ಕಾಲುವೆಯಷ್ಟು ತಣ್ಣಗೆ.
ಆಮೇಲೆ ಪಕ್ಕೆಲುಬಿನ ಸಂದಿಗೆ ಒಂದು ಹಿಡಿ.
ನೋವಲ್ಲ, ಆದರೆ ಒತ್ತುತ್ತಾಳೆ,
ಬಿಗಿದ ಬಾಗಿಲನ್ನು ಭುಜದಿಂದ ಒತ್ತುವಂತೆ.
"ಉಸಿರು ಬಿಡಿ. ಹಾಗೇ ಇರಿ."
ಮರೆತಳೇನೋ ಅನ್ನುವಷ್ಟು ಹೊತ್ತು.
"ಹಾಂ, ಈಗ ಎಳೆದುಕೊಳ್ಳಿ."

ತೆರೆಯ ಮೇಲೆ ಬೀಸಣಿಗೆಯಾಕಾರದ ಬೂದುಬೆಳಕು.
ಅದರೊಳಗೆ, ತ್ಯಾಲಿಂಗ್, ಒಂದು ಕದ
ತೆರೆಯಿತು. ಮುಚ್ಚಿತು.
ನಲವತ್ತೊಂದು ವರ್ಷ ಪಂಪುಮನೆ ಕಾದವನು ನಾನು,
ಕಡಲಿಗಿಂತ ತಗ್ಗಿನ ಊರಿನ ನೀರು
ಎತ್ತಿ ಎತ್ತಿ ಆಚೆ ಹಾಕಿದವನು,
ಕವಾಟ ಕಂಡರೆ ಗುರುತು ಸಿಗದೆ?
ಇಷ್ಟು ದಿನ ಇದಕ್ಕೆ ಎಣ್ಣೆ ಬಿಟ್ಟವರು ಯಾರು?

ಕೆಂಪು ನೀಲಿ ಉಕ್ಕಿದಾಗ ಹೆದರಬೇಡ. ನಾನು ಹೆದರಿದೆ.
ಕೆಂಪು ಕೇಡಲ್ಲ, ನೀಲಿ ಕೊಳೆಯಲ್ಲ,
ಇತ್ತ ಬರುವ ರಕ್ತ ಒಂದು, ಅತ್ತ ಹೋಗುವುದು ಒಂದು, ಅಷ್ಟೆ.
ನಡುವೆ ಸದ್ದು ಹಾಕುತ್ತಾಳೆ:
ಶ್ವಾಪ್, ಶ್ವಾಪ್,
ಕೆಸರಿನಿಂದ ಬೂಟು ಕಿತ್ತಂತೆ.
ಅಪ್ಪ ನೆನಪಾದ.
ಪೊರಕೆಕೋಲಿನ ಒಂದು ತುದಿ ಪಂಪಿಗೆ, ಒಂದು ಕಿವಿಗೆ,
ಕಣ್ಣು ಮುಚ್ಚಿ, "ಬೇರಿಂಗ್ ಸವೆದಿದೆ" ಅನ್ನುತ್ತಿದ್ದ.
ಅವನ ಎದೆಗೆ ಯಾರೂ ಕಿವಿ ಇಡಲಿಲ್ಲ.

"ಸೋರುತ್ತಿದೆಯೆ?" ಕೇಳಿದೆ.
ಯೋಲಾ ಬಾಯಿ ಬಿಡುವುದಿಲ್ಲ. "ಡಾಕ್ಟರು ಹೇಳುತ್ತಾರೆ."
ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದು ಅಳೆಯುತ್ತಾಳೆ.
ಅವಳ ಮುಖ ಓದಲು ಹೋಗಬೇಡ,
ಮುಕ್ಕಾಲು ಗಂಟೆ ಓದಿದೆ ನಾನು,
ಸಿಕ್ಕಿದ್ದು ಕನ್ನಡಕ ಮಾತ್ರ.

ಒರೆಸಿಕೊಳ್ಳಲು ಒರಟು ಕಾಗದ ಕೊಡುತ್ತಾರೆ. ಸಾಲದು.
ಬಸ್ಸು ಹತ್ತುವವರೆಗೂ ಅಂಗಿ ಎದೆಗೆ ಅಂಟಿಕೊಂಡಿರುತ್ತದೆ.

ನಿನ್ನೆ ಪತ್ರ ಬಂತು. ಸೋರಿಕೆ ಇದೆಯಂತೆ, ಸ್ವಲ್ಪ.
ಒಂದು ಹನಿಯೂ ಸೋರದ ಕವಾಟ
ನನ್ನ ಕೈಕೆಳಗಂತೂ ಇರಲಿಲ್ಲ.
ವರ್ಷ ಬಿಟ್ಟು ನೋಡೋಣ ಅಂದಿದ್ದಾರೆ.

ಗುರುವಾರ ನಾನೂ ಬರುತ್ತೇನೆ, ಹೊರಗೆ ಕೂತಿರುತ್ತೇನೆ.
ಗುಂಡಿ ಇರುವ ಅಂಗಿ ಹಾಕಿಕೊ.
ಆ ತಲೆಯಿಂದ ಎಳೆಯುವ ಸ್ವೆಟರ್ ಬೇಡ.