ಚಿತ್ತಿನ ಚಿತ್ರ

ಇಬ್ಬರೂ ಒಂದ ಬೈಕಿನ ಮ್ಯಾಲ ಬಂದ್ರು.
ಸಾವಳಗಿ ಶಿದ್ರಾಯ ಮುಂದ, ಹುನ್ನೂರ ದಾವಲಸಾಬ ಹಿಂದ,
ನಡುವ ರುಮಾಲಿನ್ಯಾಗ ಸುತ್ತಿದ ಕ್ಯಾಸೆಟ್ಟು,
ಕಡ್ಡಿಪೆಟಗಿಗಿಂತ ಚೂರ ದೊಡ್ಡದು.
"ಇಪ್ಪತ್ತೊಂದು ವರ್ಷದ ಜಗಳ ಇದರಾಗೈತಿ.
ನೀನ ತಗದಾವ, ನೀನ ತೋರ್ಸು."

ಜಮಖಂಡಿಯೊಳಗ ಇಂಥಾ ಕ್ಯಾಮೆರಾ
ಈಗ ನನ್ನ ಕಡೆ ಒಂದ ಉಳದೈತಿ.
ಲಗ್ನದ ಕೆಲಸ ಬಿಟ್ಟ ಮ್ಯಾಲೂ ಮಾರಲಿಲ್ಲ,
ಮಾರಾಕ ಹೋದ್ರ ತೂಕಕ್ಕ ಕೇಳಿದ್ರು.
ಬ್ಯಾಟರಿ ಎಂದೋ ಸತ್ತೈತಿ. ವೈರ್ ಹಚ್ಚಿದೆ.
ಬಾಗಿಲ ತಗದು, ಹಲ್ಲ ಕಿರಿದು, ಟೇಪು ನುಂಗಿತು.

ಹಲಗಿ ಸಪ್ಪಳ ಕೇಳಸ್ತು. ಚಿತ್ರ ಮಾತ್ರ
ಕೌದಿ.
ಚೌಕ ಚೌಕ ತುಂಡು, ಒಂದಕ್ಕೊಂದು ಹೊಲದಿಲ್ಲ:
ಇಲ್ಲೊಂದು ಮೊಣಕಾಲು, ಅಲ್ಲೊಂದು ಕೆಂಪು ಲಂಗೋಟಿ,
ಶಿದ್ರಾಯನ ಮೀಸಿ ದಾವಲಸಾಬನ ಹೆಗಲ ಮ್ಯಾಲ.
"ಇದರಾಗ ನಾ ಯಾರು?" ಅಂತ ಅವರ ಕೇಳಿದ್ರು.

ತಪ್ಪು ಟೇಪಿಂದೋ ಕ್ಯಾಮೆರಾದ್ದೋ, ಮೊದಲು ಅದು ತಿಳೀಬೇಕು.
ಬ್ಯಾರೆ ಟೇಪು ಹಾಕಿದೆ. ಯಾರದೋ ಕುಬಸ,
ಬಸುರಿ ಮಾರಿ ಮ್ಯಾಲೂ ಅವ ಚೌಕ.
ಹಂಗಾದ್ರ ಹೆಡ್ಡು.

ಒಳಗ ಒಂದು ಬುಗರಿಯಂಥ ಡ್ರಮ್ಮು,
ನಿಮಿಷಕ್ಕ ಒಂಬತ್ತು ಸಾವಿರ ಸುತ್ತು,
ಕೂದಲಕ್ಕಿಂತ ಸಣ್ಣ ಗೆರಿ ಓದ್ತೈತಿ.
ಕ್ಲೀನಿಂಗ್ ಟೇಪು ಹತ್ತು ಸೆಕೆಂಡು, ಹೆಚ್ಚಾದ್ರ
ಹೆಡ್ಡನ್ನ ತಿಂತೈತಿ. ಆಗಲಿಲ್ಲ.
ಸ್ಪಿರಿಟ್ಟಿನ್ಯಾಗ ಅದ್ದಿದ ಮೆತ್ತನ್ನ ಚರ್ಮ.
ಚರ್ಮ ಅಲಗಾಡಬಾರದು, ಡ್ರಮ್ಮು ತಿರುಗಬೇಕು,
ಮ್ಯಾಲ ಕೆಳಗ ತಿಕ್ಕಿದ್ರ ಮುರದ ಹೋಗ್ತೈತಿ.
ದಾವಲಸಾಬ ಉಸರ ಹಿಡದು ನೋಡ್ತಿದ್ದ.
"ನಮ್ಮ ವಸ್ತಾದ ಹಿಂಗ ಮಾಲೀಸ್ ಮಾಡತಿದ್ದ."
ಚರ್ಮಕ್ಕ ಕಾಡಿಗಿಯಂಥ ಗೆರಿ ಹತ್ತಿತು.

ಚೌಕ ಕರಗಿ ಮಂದಿ ಆದ್ರು.
ಆದ್ರೂ ನಡುವೊಂದು ಪಟ್ಟಿ. ಅದು ನನ್ನ ಜಿಪುಣತನ:
ಅರವತ್ತು ನಿಮಿಷದ ಟೇಪಿನ್ಯಾಗ ತೊಂಬತ್ತು ತುರುಕಿದ್ದೆ,
ಆ ಮೂವತ್ತು ನಿಮಿಷಕ್ಕ ಬಡ್ಡಿ ಈಗ.
ತುದಿತನಕ ಓಡಿಸಿ, ಹಿಂದಕ್ಕ ಸುತ್ತಿ, ಮತ್ತ ಓಡಿಸಿ,
ಮೂರನೇ ಸಲಕ್ಕ ಪಟ್ಟಿ ಇಳೀತು.

ಕೆಮ್ಮಣ್ಣು. ಇಬ್ಬರು ಹುಡುಗರು.
ಶಿದ್ರಾಯ ತನ್ನ ಹೊಟ್ಟಿ ಮುಟ್ಟಿ ನೋಡ್ಕೊಂಡ.
"ಬಂತು ನೋಡ, ಬಂತು, ಕಲಾಜಂಗ್!"
ಎರಡು ಮೈ ಒಂದಾಗಿ ಎದ್ದು, ಗಾಳಿಯೊಳಗ ತಿರುಗಿ

ನನ್ನ ಚಪ್ಪಲಿ.

ನಾಕು ಸೆಕೆಂಡು ನನ್ನ ಎಡಗಾಲ ಚಪ್ಪಲಿ,
ಉಂಗುಷ್ಟ ಕಿತ್ತದ್ದು, ಬಾಳ ಸ್ವಚ್ಛ,
ಒಂದು ಇರಿವಿ ಸುದ್ದಾ ಕಾಣ್ತೈತಿ.
ಮಂದಿ ಒದರೋದು ಕೇಳಸ್ತೈತಿ.
ಕ್ಯಾಮೆರಾ ಮತ್ತ ಎದ್ದಾಗ ಇಬ್ಬರೂ ನಿಂತಿದ್ರು,
ಬೆನ್ನ ತುಂಬ ಮಣ್ಣು, ಇಬ್ಬರದೂ.

ಯಾರೋ ಇಪ್ಪತ್ತಾರರ ಹುಡುಗ, ದಿನಗೂಲಿಗೆ ಬಂದಾವ,
ಆ ನಾಕು ಸೆಕೆಂಡು ಕ್ಯಾಮೆರಾ ಜೋತುಬಿಟ್ಟು
ಬರಿಗಣ್ಣಿಂದ ನೋಡಿದ್ದ.
ಕಣದಾಗ ಯಾರಕ್ಕಿಂತಲೂ ಛಲೋ ನೋಡಿದ್ದ.

ಮುದುಡಿದ ನಾಕೂ ಕಿವಿ ನನ್ನ ಕಡೆ ತಿರುಗಿದ್ವು.
ನಾ ಡ್ರಮ್ಮಿನ ಮ್ಯಾಲ ಬಗ್ಗಿದೆ.
"ಹೆಡ್ಡು ಇನ್ನೂ ಹೊಲಸೈತಿ" ಅಂದೆ.
"ಚಪ್ಪಲಿ ಮಾತ್ರ ಚಂದ ಕಾಣಸ್ತಲ್ಲೋ" ಅಂದ ದಾವಲಸಾಬ.
"ಸೋಮವಾರ ಬರ್ರಿ."

ಹೊರಗ ಕಿಕ್ ಹೊಡೆಯೋ ಮುಂದ
"ನಿನ್ನ ಬೆನ್ನ ಹತ್ತಿತ್ತಲೇ" ಅಂದ ಒಬ್ಬಾವ.
"ನಿಂದು" ಅಂದ ಇನ್ನೊಬ್ಬ, ಹೆಗಲ ಹಿಡದು
ಹಿಂದ ಹತ್ತಿ ಕುಂತ.