ಒಂದು ಗೇಣು ಕಡಿಮೆ

ಶಿವಮೊಗ್ಗದ ದೊಡ್ಡಾಸ್ಪತ್ರೆ, ಮೆಟ್ಟಿಲ ಕೆಳಗಿನ ಕೋಣೆ,
ಎರಡು ಹೊಲಿಗೆ ಮಿಷನ್ನು, ಒಂದೇ ಕಿಟಕಿ,
ಹದಿನೇಳು ವರ್ಷ.
ಹರಿದ ಹಾಸುಬಟ್ಟೆಗೆ ತೇಪೆ ಹಾಕುತ್ತ
ಒಂದು ಮಧ್ಯಾಹ್ನ, ಹಲ್ಲಲ್ಲಿ ದಾರ ಕಚ್ಚಿಕೊಂಡೇ ಅಂದೆ ನೀನು:
ತ್ಯು ಮ ಮಾಂಕ್.

ನನಗೆ ಸಿಟ್ಟು ಬಂತು, ಕ್ಲೆಮೆನ್ಸಿ.
ಮಂಕು ಅಂದಳಲ್ಲ ನನ್ನ,
ಒಂದು ಕಾಜಾ ಸೊಟ್ಟಗಾಗಿದ್ದಕ್ಕೆ!
ಸಂಜೆ ಚಹಾ ಬರೋವರೆಗೆ ಮಾತು ಬಿಟ್ಟೆ.

ಚಹಾ ಊದುತ್ತ ಹೇಳಿದೆ:
ಮಾಹೆಯಲ್ಲಿ ನಿಮ್ಮಜ್ಜಿ, ಹಡಗು ಹತ್ತಿ ಹೋದ ತಮ್ಮನಿಗೆ
ಯಾರ ಕೈಲೋ ಕಾಗದ ಬರೆಸಿ
ಕೊನೆಯ ಈ ಮೂರು ಪದ ಮಾತ್ರ ತಾನೇ ಕೂರಿಸುತ್ತಿದ್ದಳಂತೆ,
ಅಕ್ಕಿಕಾಳು ಆರಿಸಿದ ಹಾಗೆ.
ಫ್ರೆಂಚು ಅವಳಿಗೆ ಅಷ್ಟೇ ಬರುತ್ತಿದ್ದದ್ದು. ನಿನಗೂ ಅಷ್ಟೇ.

ಹಾಗಂದರೇನು, ಕೇಳಿದೆ.
ನೀನು ಮಲಯಾಳದಲ್ಲಿ ಹುಡುಕಿದೆ, ಕನ್ನಡದಲ್ಲಿ ಹುಡುಕಿದೆ,
ಸೂಜಿಯ ಕಣ್ಣು ಕಾಣದವಳ ಹಾಗೆ ಮುಖ ಕಿರಿದು ಮಾಡಿ:
ಅದರಲ್ಲಿ 'ನಾನು' ಮೊದಲು ಬರಲ್ಲ ದ್ಯಾಮಕ್ಕ.
ದೂರ ಇರೋಳು ನೀನು, ಕೆಲಸವೂ ನಿನ್ನದೇ.
ನೀನು ನನಗೆ… ಏನೋ ಆಗುತ್ತೀ.
ಏನಾಗುತ್ತೀನಿ?
ಗೊತ್ತಿಲ್ಲ, ಅಂದು ಪೆಡಲು ತುಳಿದೆ.

ಜೂನಿನಲ್ಲಿ ನಿನಗೆ ನಿವೃತ್ತಿ. ಒಂದು ಶಾಲು, ಒಂದು ಗೋಡೆ ಗಡಿಯಾರ,
ಕಡಲ ಕಡೆಯ ರಾತ್ರಿ ಬಸ್ಸು.
ನಿನ್ನ ಮಿಷನ್ನಿಗೆ ಈಗ ಭದ್ರಾವತಿಯ ಹುಡುಗಿ,
ಒಳ್ಳೆಯವಳೇ. ಬಾಬಿನ್ ಸುತ್ತುವಾಗ ಗುನುಗೋದಿಲ್ಲ, ಅಷ್ಟೇ.

ನೆನಪಾಗುತ್ತೆ ಅಂತೀವಿ ನಮ್ಮಲ್ಲಿ.
ಬರೋದು ನೆನಪು.
ನೀನಲ್ಲ.

ಸೋಮವಾರ ದೋಬಿಯ ಗಂಟು ಬಂತು.
ಹೋದದ್ದು ಇನ್ನೂರ ಹನ್ನೆರಡು, ಬಂದದ್ದು ಇನ್ನೂರ ಒಂಬತ್ತು,
ಕಡಿಮೆ ಬಿದ್ದದ್ದು
ಎಂಬ ಕಾಲಮ್ಮಿನ ಮೇಲೆ ಪೆನ್ನು ನಿಂತುಬಿಟ್ಟಿತು.
ಅಯ್ಯೋ, ಇಲ್ಲೇ ಇತ್ತಲ್ಲೇ ಅದು!
ಪಂಕ್ತಿಯ ಕೊನೆಗೆ ಸಾರು ಕಡಿಮೆ ಬೀಳುತ್ತೆ,
ಟಿಕೀಟಿಗೆ ಎರಡು ರೂಪಾಯಿ, ರವಿಕೆಗೆ ಒಂದು ಗೇಣು ಬಟ್ಟೆ.
ಬೀಳೋದು ಅದು. ಬರಿಗೈಲಿ ನಿಲ್ಲೋಳು ನಾನು.
ಇಷ್ಟು ವರ್ಷ ದಿನಾ ಬರೆದ ಮಾತು,
ಅದಕ್ಕೆ ಒಬ್ಬ ಮನುಷ್ಯಳನ್ನು ಜೋಡಿಸಿ ನೋಡಿರಲಿಲ್ಲ.

ಆ ಮೂರು ಹಾಸನ್ನು ನೀನಿದ್ದರೆ
'ಹರಿದದ್ದು' ಅಂತ ಬರೆಯುತ್ತಿದ್ದೆ.
ನಡುರಾತ್ರಿ ಯಾರದೋ ಅಪ್ಪನನ್ನು ಸುತ್ತಿಕೊಂಡು
ತೀರ್ಥಹಳ್ಳಿಗೋ ಹೊಸನಗರಕ್ಕೋ ಹೋದ ಬಟ್ಟೆ,
ಯಾರ ಬಾಗಿಲಿಗೆ ಹೋಗಿ ವಾಪಸು ಕೇಳೋದು ಅಂತಿದ್ದೆ.
ನಾನೂ ಹಾಗೇ ಬರೆದೆ.
ನಿನ್ನ ಹಾಗೆ ಗುಂಡಗೆ ಬರಲಿಲ್ಲ ಅಕ್ಷರ.

ರಾತ್ರಿ ಫೋನು ಮಾಡಿದೆ. ನಿನ್ನ ಹಿಂದೆ ಯಾವುದೋ ಕುಕ್ಕರು ಕೂಗುತ್ತಿತ್ತು.
ಊಟ ಆಯ್ತಾ ಅಂದೆ ನೀನು. ಆಯ್ತು ಅಂದೆ.
ಇಡಬೇಕು ಅನ್ನುವಾಗ ಒಂದೇ ಉಸಿರಿಗೆ,
ಸಾಲ ಕೇಳುವವಳ ಹಾಗೆ:
ಕ್ಲೆಮೆನ್ಸಿ, ನೀನು ನನಗೆ ಕಡಿಮೆ ಬೀಳ್ತಿದ್ದೀಯ.

ಕುಕ್ಕರು ಸುಮ್ಮನಾಯಿತು.
ಆಮೇಲೆ ನೀನು, ಟೇಪು ಕುತ್ತಿಗೆಗೆ ಹಾಕಿಕೊಂಡ ಹಳೇ ದನಿಯಲ್ಲಿ:
ಎಷ್ಟು?

ಒಂದು ಗೇಣು.
ಬರೀ ಒಂದು ಗೇಣಾ?
ಸಾಕಲ್ಲೇ,
ರವಿಕೆ ಆಗದೇ ಇರೋದಕ್ಕೆ.